ಊರೆಂಬ ಜಾಲ, ಅದರ ಪದರಗಳು

ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಅಣ್ಣಿಗೇರಿಯ ಮಾರುಕಟ್ಟೆಗೆ ಬರುವ ಒಬ್ಬ ರೈತನನ್ನು ನೆನೆದುಕೊಳ್ಳೋಣ. ಅಡತಿ ಅಂಗಡಿಯ ಕಿರ್ದಿಯಲ್ಲಿ ಅವನು ಒಂದು ಹೆಸರು. ಹೆಸರಿನ ಮುಂದೆ ಒಂದು ತೂಕ, ಒಂದು ದರ, ಒಂದು ಮೊತ್ತ. ಅಂಗಡಿಯವನಿಗೆ ಅಷ್ಟು ಸಾಕು. ಆದರೆ ಊರಿಗೆ ಮರಳಿದ ಮೇಲೆ ಅವನು ಅಷ್ಟೇ ಆಗಿ ಉಳಿಯುವುದಿಲ್ಲ. ನವಲಗುಂದದ ಕಡೆಯ ಒಂದು ಮನೆತನಕ್ಕೆ ಅವನು ಅಳಿಯ, ಕುಂದಗೋಳದ ಕಡೆಯ ಇನ್ನೊಂದಕ್ಕೆ ಬೀಗ. ಬಿತ್ತಿಗೆಯ ಕಾಲಕ್ಕೆ ಎತ್ತು ಕೊಟ್ಟು ಎತ್ತು ಪಡೆಯುವ ಮುಯ್ಯಿಯವರಲ್ಲಿ ಒಬ್ಬ. ಕೈಗಡದ ಲೆಕ್ಕದಲ್ಲಿ ಒಬ್ಬನಿಗೆ ಕೊಟ್ಟವನು, ಮತ್ತೊಬ್ಬನಿಂದ ಇಸಿದುಕೊಂಡವನು. ಒಂದು ಮಠದ ಭಕ್ತ; ಶ್ರಾವಣದ ಭಜನೆಯಲ್ಲಿ ತಾಳ ಹಿಡಿಯುವವನು. ಮಗಳ ಚೊಚ್ಚಲ ಬಾಣಂತನಕ್ಕೆ ಕಲಘಟಗಿಯಿಂದ ಬಣ್ಣದ ತೊಟ್ಟಿಲು ತಂದನೆಂದರೆ, ಆ ಒಂದು ತೊಟ್ಟಿಲಿನಲ್ಲಿ ಬೀಗತನದ ಎಳೆಯೂ ವ್ಯಾಪಾರದ ಎಳೆಯೂ ಹೆಣೆದುಕೊಂಡುಬಿಡುತ್ತವೆ.

ಮನುಷ್ಯ ಒಬ್ಬನೇ, ಅವನು ಸಿಕ್ಕಿಕೊಂಡಿರುವ ಜಾಲಗಳು ಹಲವು. ಈ ಜಾಲಗಳು ಒಂದರ ಪಕ್ಕಕ್ಕೆ ಒಂದು ಇಲ್ಲ, ಒಂದರ ಮೇಲೊಂದು ಪದರಪದರವಾಗಿ ಹಾಸಿಕೊಂಡಿವೆ. ಇಂಥ ಒಂದು ಊರನ್ನು, ಇಂಥ ನೂರಾರು ಊರುಗಳ ಒಂದು ನಾಡನ್ನು ಹೊರಗಿನವನೊಬ್ಬನು ಓದಿ ತಿಳಿಯುವುದು ಹೇಗೆ? ರಾಜನ ಅಧಿಕಾರಿಗೂ ಈ ಪ್ರಶ್ನೆ ಇತ್ತು, ಸಾಲ ಕೊಡುವ ಸಂಘಕ್ಕೂ ಇತ್ತು. ಈಗ ಇದೇ ಪ್ರಶ್ನೆ ಗಣಕಯಂತ್ರದ ಮುಂದೆ ನಿಂತಿದೆ. ಎಲ್ಲ ಎಳೆಗಳನ್ನೂ ಎಣಿಸುತ್ತ ಕುಳಿತರೆ ಆಯುಷ್ಯ ಸಾಲದು, ಕೆಲವನ್ನು ಬಿಡಲೇಬೇಕು. ಯಾವುದನ್ನು ಬಿಡಬೇಕು ಎಂಬುದರ ಇತಿಹಾಸವೇ ಈ ಹೊತ್ತಿನ ನನ್ನ ಮಾತಿನ ವಿಷಯ. ನಾನು ಕನ್ನಡದ ಮಾಸ್ತರ, ಗಣಿತದವನಲ್ಲ. ಆದರೆ ಬಿಡುವುದು ಮತ್ತು ಉಳಿಸಿಕೊಳ್ಳುವುದು ಗಣಿತದವರಿಗೆ ಮಾತ್ರ ಸೇರಿದ ಸಂಗತಿಯಲ್ಲ.

ಹಳೆಯ ಕಾಲದಿಂದಲೇ ಆರಂಭಿಸೋಣ. ಇಂದಿನ ಗದಗ ಮತ್ತು ಧಾರವಾಡ ಜಿಲ್ಲೆಗಳ ಎರಿ ನೆಲದ ಬಹುಭಾಗ ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರು ಎಂಬ ನಾಡಾಗಿತ್ತು. ಅಣ್ಣಿಗೇರಿ ಅದರ ಮುಖ್ಯ ಪಟ್ಟಣ. ಅಲ್ಲಿಯ ಅಮೃತೇಶ್ವರ ದೇವಾಲಯ ಇಂದಿಗೂ ಕಲ್ಯಾಣದ ಚಾಲುಕ್ಯರ ಆ ಕಾಲವನ್ನು ನೆನಪಿಗೆ ತರುತ್ತದೆ. ಮುನ್ನೂರು ಎಂಬ ಅಂಕಿ ಹಳ್ಳಿಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂಬುದನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ. ಏನೇ ಇರಲಿ, ವಿಶಾಲವಾದ ರಾಜ್ಯವನ್ನು ಒಂದೇ ಸಲಕ್ಕೆ ನೋಡಲಾಗದು, ತುಂಡುಗಳಾಗಿ ಕತ್ತರಿಸಿ ನೋಡಬೇಕು ಎಂಬ ವಿವೇಕ ಅದರಲ್ಲಿದೆ. ಆದರೆ ಅದೇ ನೆಲದ ಮೇಲೆ ಇನ್ನೊಂದು ಜಾಲವೂ ಹರಡಿತ್ತು. ಅದು ಐಹೊಳೆಯ ಐನೂರ್ವರೆಂಬ ವರ್ತಕರ ಸಂಘ. ಅವರ ವ್ಯವಹಾರ ನಾಡಿನ ಗಡಿಗಳನ್ನು ದಾಟಿ ತಮಿಳು ದೇಶದವರೆಗೂ ನಡೆದಿತ್ತು. ಅಧಿಕಾರದ ಪದರ ಊರುಗಳನ್ನು ತುಂಡರಿಸಿದರೆ, ವ್ಯಾಪಾರದ ಪದರ ಅದೇ ತುಂಡುಗಳನ್ನು ಹೊಲಿಯುತ್ತಿತ್ತು. ಒಂದು ಪದರವನ್ನು ಮಾತ್ರ ನೋಡಿದವನಿಗೆ ನಾಡು ಅರ್ಧವೇ ಕಂಡೀತು.

ಪಶ್ಚಿಮ ದೇಶಗಳಲ್ಲಿ ಜಾಲದ ಗಣಿತ ಹುಟ್ಟಿದ್ದು ಒಂದು ನಗರದ ಸೇತುವೆಗಳಿಂದ. ಆಗ ಪ್ರಶ್ಯಕ್ಕೆ ಸೇರಿದ್ದ ಕೋನಿಗ್ಸ್‌ಬರ್ಗ್ ಎಂಬ ನಗರದಲ್ಲಿ ಹೊಳೆಗೆ ಏಳು ಸೇತುವೆಗಳಿದ್ದವು. ಒಂದನ್ನೂ ಎರಡು ಸಲ ತುಳಿಯದೆ ಏಳನ್ನೂ ದಾಟಿ ಬರಬಹುದೆ ಎಂಬುದು ಜನರ ವಿನೋದದ ಪ್ರಶ್ನೆಯಾಗಿತ್ತು. ೧೭೩೬ರಲ್ಲಿ ಆಯ್ಲರ್ ಎಂಬ ಗಣಿತಜ್ಞನು, ಅದು ಸಾಧ್ಯವಿಲ್ಲವೆಂದು ತೋರಿಸಿದ. ಅವನು ಮಾಡಿದ್ದು ಇಷ್ಟೆ: ನಗರದ ಬೀದಿ, ಮನೆ, ಚರ್ಚು, ಸಂತೆ ಎಲ್ಲವನ್ನೂ ಮರೆತ, ನೆಲದ ನಾಲ್ಕು ಭಾಗಗಳನ್ನೂ ಅವುಗಳ ನಡುವಿನ ಏಳು ದಾರಿಗಳನ್ನೂ ಮಾತ್ರ ಉಳಿಸಿಕೊಂಡ. ಬಲೆಯಲ್ಲಿ ಗಂಟುಗಳು, ಗಂಟುಗಳ ನಡುವೆ ಎಳೆಗಳು. ಜಾಲದ ಶಾಸ್ತ್ರವು ಮೊದಲ ದಿನದಿಂದಲೂ ಮರೆಯುವ ಶಾಸ್ತ್ರವೇ ಆಗಿದೆ.

ಸೇತುವೆಗಳ ಈ ರೀತಿಯನ್ನು ಮನುಷ್ಯರಿಗೆ ಹಚ್ಚಿದವರಲ್ಲಿ ಮೊರೆನೊ ಎಂಬ ವೈದ್ಯನ ಹೆಸರು ದೊಡ್ಡದು. ನ್ಯೂಯಾರ್ಕ್ ಪ್ರಾಂತದ ಹಡ್ಸನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಯಾರಿಗೆ ಯಾರ ಜೊತೆ ಇರಲು ಇಷ್ಟ ಎಂದು ಕೇಳಿ, ಆ ಉತ್ತರಗಳನ್ನು ಗೆರೆಗಳಾಗಿ ಬರೆದು, ೧೯೩೪ರಲ್ಲಿ ಅವನು ಪುಸ್ತಕವಾಗಿ ಪ್ರಕಟಿಸಿದ. ಹುಡುಗಿಯರು ಶಾಲೆಯನ್ನು ಬಿಟ್ಟು ಓಡಿಹೋಗುವುದು ಒಬ್ಬೊಬ್ಬರ ಸ್ವಭಾವದಿಂದ ಮಾತ್ರವಲ್ಲ, ಅವರ ನಡುವಿನ ಎಳೆಗಳಿಂದಲೂ ಎಂಬುದು ಅವನ ವಾದ. ಒಬ್ಬನನ್ನು ತಿಳಿಯಲು ಅವನ ನೆರೆಯವರನ್ನು ನೋಡಬೇಕು ಎಂಬ ಈ ತತ್ತ್ವ ನಮ್ಮ ಹಳ್ಳಿಗೆ ಹೊಸದಲ್ಲ. ಹೆಣ್ಣು ಕೊಡುವಾಗ ನಮ್ಮ ಹಿರಿಯರು ವರನನ್ನು ನೋಡುವುದಕ್ಕೆ ಮೊದಲು ಅವನ ನೆಂಟರನ್ನು ವಿಚಾರಿಸುತ್ತಿದ್ದರು.

ಹೊಸದಾಗಿದ್ದುದು, ಈ ತಿಳಿವನ್ನು ಕಾಯಿದೆಯೊಂದರಲ್ಲಿ ಸೇರಿಸಿ ಹಣದ ವ್ಯವಹಾರಕ್ಕೆ ತಳಹದಿ ಮಾಡಿದ್ದು. ಅದು ನಡೆದದ್ದು ನಮ್ಮ ನೆರೆಯಲ್ಲಿಯೇ. ೧೯೦೪ರಲ್ಲಿ ಭಾರತ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ತಂದಿತು. ಮರುವರ್ಷವೇ, ೧೯೦೫ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಗದಗ ಆಗ ಧಾರವಾಡ ಜಿಲ್ಲೆಯ ಭಾಗ. ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ದೇಶದ ಸಹಕಾರದ ಇತಿಹಾಸವನ್ನು ಬರೆಯುವವರು ಕಣಗಿನಹಾಳದ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಆ ಕಾಯಿದೆಯನ್ನು ಇಂದು ಓದಿದರೆ ಅದೊಂದು ಜಾಲದ ಶಾಸ್ತ್ರದಂತೆ ಕಾಣುತ್ತದೆ. ಹದಿನೆಂಟು ವರ್ಷ ಮೀರಿದ ಹತ್ತು ಜನ ಸೇರಿದರೆ ಸಂಘ ಆಗಬಹುದು. ಆದರೆ ಅವರು ಒಂದೇ ಊರಿನವರೋ, ಹತ್ತಿರದ ಊರುಗಳವರೋ, ಒಂದೇ ಪಂಗಡದವರೋ ಆಗಿರಬೇಕು. ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಳ್ಳಿಯ ಸಂಘಕ್ಕೆ ಹೊಣೆ ಅಪರಿಮಿತ: ಒಬ್ಬ ತೀರಿಸದಿದ್ದರೆ ಉಳಿದವರು ತಮ್ಮ ಆಸ್ತಿಯಿಂದ ತೀರಿಸಬೇಕು. ಜರ್ಮನಿಯ ರೈಫೈಸನ್ ಎಂಬಾತ ಹಿಂದಿನ ಶತಮಾನದಲ್ಲಿ ತನ್ನ ದೇಶದ ಬಡ ರೈತರಿಗಾಗಿ ಕಟ್ಟಿದ ಸಂಘಗಳಿಂದ ಈ ವಿಚಾರ ಬಂದಿತ್ತು. ಇದರ ಮರ್ಮವೇನು? ಪೇಟೆಯಲ್ಲಿ ಕುಳಿತ ಬ್ಯಾಂಕಿಗೆ ಸಾಲ ಕೇಳುವವನ ಸತ್ಯ ಗೊತ್ತಿರುವುದಿಲ್ಲ. ಅದನ್ನು ತಿಳಿಯಹೋದರೆ ಸಾಲಕ್ಕಿಂತ ತಿಳಿಯುವ ವೆಚ್ಚವೇ ಹೆಚ್ಚಾದೀತು. ಆದರೆ ನೆರೆಯವನಿಗೆ ಗೊತ್ತಿರುತ್ತದೆ. ಅವನ ಎತ್ತು ಕುಂಟುತ್ತಿದೆಯೆ, ಅವನ ಬೀಗರು ಆಪತ್ತಿಗೆ ಆಗುತ್ತಾರೆಯೆ, ಅವನ ಮಾತು ನಡೆಯುತ್ತದೆಯೆ ಎಂಬುದನ್ನು ನೆರೆಯವನು ಯಾವ ಖರ್ಚೂ ಇಲ್ಲದೆ ಬಲ್ಲ. ಅಪರಿಮಿತ ಹೊಣೆ ಆ ನೆರೆಯವನು ತನ್ನ ತಿಳಿವನ್ನು ಬಚ್ಚಿಡದಂತೆ ಮಾಡುತ್ತದೆ.

೧೯೧೨ರ ಕಾಯಿದೆಯಿಂದ ಸಂಘಗಳ ಮೇಲೆ ಸಂಘ ಕಟ್ಟುವ ದಾರಿ ತೆರೆಯಿತು. ಹಳ್ಳಿಗೆ ಸಂಘ, ಜಿಲ್ಲೆಗೆ ಮಧ್ಯವರ್ತಿ ಬ್ಯಾಂಕು, ಪ್ರಾಂತಕ್ಕೆ ಪ್ರಾಂತೀಯ ಬ್ಯಾಂಕು. ಧಾರವಾಡದ ಕೆ.ಸಿ.ಸಿ. ಬ್ಯಾಂಕು ಆ ಏರ್ಪಾಡಿನದೇ ಕೂಸು. ಜಿಲ್ಲೆಯ ಬ್ಯಾಂಕು ಪ್ರತಿಯೊಬ್ಬ ರೈತನನ್ನೂ ಅರಿಯಬೇಕಾಗಿಲ್ಲ. ಪ್ರತಿ ಸಂಘವನ್ನು ಅರಿತರೆ ಸಾಕು. ಸಾವಿರ ಎಳೆಗಳು ಹತ್ತು ಎಳೆಗಳಾಗಿ ಮಡಿಸಿಕೊಂಡವು. ಮಿತವ್ಯಯದ ಇದಕ್ಕಿಂತ ಒಳ್ಳೆಯ ಉಪಾಯ ಆ ಕಾಲಕ್ಕೆ ಇರಲಿಲ್ಲ.

ಹಾಗಿದ್ದರೆ ಅದು ಎಲ್ಲರನ್ನೂ ಮುಟ್ಟಿತೆ? ರಿಜರ್ವ್ ಬ್ಯಾಂಕು ೧೯೫೧-೫೨ರಲ್ಲಿ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯನ್ನು ನಡೆಸಿತು. ೧೯೫೪ರಲ್ಲಿ ಹೊರಬಂದ ವರದಿಯ ಲೆಕ್ಕದಂತೆ, ರೈತರು ಪಡೆದ ಒಟ್ಟು ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ. ಸಾಹುಕಾರರ ಪಾಲು ಹತ್ತಿರ ಹತ್ತಿರ ಎಪ್ಪತ್ತು. ಅರ್ಧ ಶತಮಾನದ ದುಡಿಮೆಗೆ ಇದು ತೀರ ಚಿಕ್ಕ ಫಲ. ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಾವು ಇಲ್ಲಿ ಗಮನಿಸಬೇಕು. ಸಂಘವು ಊರಿನ ಎಲ್ಲ ಪದರಗಳನ್ನೂ ಓದಬೇಕಾಗಿತ್ತು. ಕೆಲಸ ಬೆಳೆದಂತೆ ಓದಲು ಸುಲಭವಾದ ಒಂದೇ ಪದರದ ಮೇಲೆ ಅದರ ಕಣ್ಣು ನಿಂತಿತು; ಅದು ಹೊಲದ ಪದರ. ಹೊಲವಿದ್ದವನಿಗೆ ಪತ್ತು, ಇಲ್ಲದವನಿಗೆ ಇಲ್ಲ. ಮುಯ್ಯಿಯಲ್ಲಿ ಮಾತು ತಪ್ಪದ ಲಾವಣಿಯ ರೈತನು ಆ ಒಂದು ಪದರದಲ್ಲಿ ಗಂಟಾಗಿಯೇ ಇರಲಿಲ್ಲ. ನೆರೆಯವರ ತಿಳಿವಿನ ಮೇಲೆ ಕಟ್ಟಿದ ಸಂಸ್ಥೆ ಆ ತಿಳಿವನ್ನೇ ಕೈಬಿಟ್ಟಿತ್ತು.

ಇಲ್ಲಿಂದ ನಾವು ನಮ್ಮ ಕಾಲಕ್ಕೆ ಬರೋಣ. ೨೦೦೬ರಲ್ಲಿ ದಕ್ಷಿಣ ಕರ್ನಾಟಕದ ೭೫ ಹಳ್ಳಿಗಳಲ್ಲಿ ಒಂದು ಅಪರೂಪದ ಗಣತಿ ನಡೆಯಿತು. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡಫ್ಲೋ, ಮ್ಯಾಥ್ಯೂ ಜಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ಅದು. ಬ್ಯಾನರ್ಜಿ ಮತ್ತು ಡಫ್ಲೋ ಅವರಿಗೆ ೨೦೧೯ರಲ್ಲಿ ನೊಬೆಲ್ ಪ್ರಶಸ್ತಿ ಬಂದುದನ್ನು ಶ್ರೋತೃಗಳು ಬಲ್ಲಿರಿ. ಅವರು ಊರಿನ ಜನರನ್ನು ಹನ್ನೆರಡು ಬಗೆಯ ಸಂಬಂಧಗಳನ್ನು ಕುರಿತು ಕೇಳಿದರು. ನೀವು ಯಾರ ಮನೆಗೆ ಹೋಗುತ್ತೀರಿ, ನಿಮ್ಮ ಮನೆಗೆ ಯಾರು ಬರುತ್ತಾರೆ, ಹಣ ಬೇಕಾದರೆ ಯಾರನ್ನು ಕೇಳುತ್ತೀರಿ, ನಿಮ್ಮನ್ನು ಯಾರು ಕೇಳುತ್ತಾರೆ, ಅಕ್ಕಿಯನ್ನೋ ಸೀಮೆಎಣ್ಣೆಯನ್ನೋ ಯಾರಿಂದ ಕಡ ತರುತ್ತೀರಿ, ಸಲಹೆ ಯಾರಿಂದ, ಬೇನೆ ಬಂದಾಗ ಯಾರ ಮಾತು, ಗುಡಿಗೆ, ಮಸೀದಿಗೆ, ಚರ್ಚಿಗೆ ಯಾರ ಜೊತೆ. ಕಿರ್ದಿ ಪುಸ್ತಕ ಎಂದೂ ಬರೆಯದ ಊರಿನ ಪದರಗಳು ಅಂದು ಕಾಗದದ ಮೇಲೆ ಬಂದವು.

ಆಮೇಲೆ ಭಾರತ ಸ್ವಮುಕ್ತಿ ಸಂಸ್ಥೆಯು ಆ ಊರುಗಳ ಪೈಕಿ ೪೩ರಲ್ಲಿ ಹೆಣ್ಣುಮಕ್ಕಳಿಗೆ ಸಣ್ಣ ಸಾಲ ಕೊಡುವ ಕೆಲಸವನ್ನು ಆರಂಭಿಸಿತು. ಊರಿಗೆ ಬಂದವರು ಮೊದಲು ಶಾಲೆಯ ಮಾಸ್ತರರಿಗೆ, ಅಂಗಡಿಯವರಿಗೆ, ಸ್ವಸಹಾಯ ಗುಂಪಿನ ಮುಖಂಡರಿಗೆ ಸುದ್ದಿ ಹೇಳುತ್ತಿದ್ದರು. ಸುದ್ದಿ ಅಲ್ಲಿಂದ ಎಲ್ಲಿಗೆ ಹರಿಯಿತೆಂಬುದನ್ನು ಅಧ್ಯಯನದವರು ಲೆಕ್ಕ ಹಾಕಿದರು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯವಾಗಿದೆ. ಸಾಲ ಪಡೆದವರು, ಪಡೆಯದವರಿಗಿಂತ ಏಳು ಪಟ್ಟು ಹೆಚ್ಚಾಗಿ ಸುದ್ದಿಯನ್ನು ಮುಂದೆ ಮುಟ್ಟಿಸುತ್ತಾರೆ. ಇಷ್ಟು ಕೇಳಿದರೆ, ಪಡೆಯದವರನ್ನು ಲೆಕ್ಕದಿಂದ ಬಿಟ್ಟುಬಿಡಬಹುದೆಂದು ತೋರುತ್ತದೆ. ಆದರೆ ಅವರ ಸಂಖ್ಯೆ ದೊಡ್ಡದು. ಆದ್ದರಿಂದ ಊರಿನಲ್ಲಿ ಹಬ್ಬಿದ ತಿಳಿವಳಿಕೆಯ ಸುಮಾರು ಮೂರರಲ್ಲಿ ಒಂದು ಪಾಲು ಅವರ ಬಾಯಿಂದಲೇ ಬಂದದ್ದು. ಖಾತೆಯಲ್ಲಿ ಹೆಸರೇ ಇಲ್ಲದ ಹೆಣ್ಣುಮಗಳು ಆ ಖಾತೆಯನ್ನು ಬೆಳೆಸುತ್ತಿದ್ದಳು.

ಆ ಅಧ್ಯಯನದಲ್ಲಿ ಹನ್ನೆರಡು ಪದರಗಳನ್ನೂ ಕೂಡಿಸಿ ಒಂದೇ ಜಾಲ ಮಾಡಿಕೊಂಡಿದ್ದರು. ಇಬ್ಬರ ನಡುವೆ ಯಾವುದಾದರೂ ಒಂದು ಸಂಬಂಧವಿದ್ದರೆ ಒಂದು ಗೆರೆ. ಕೆಲಸಕ್ಕೆ ಅದು ಅನುಕೂಲ. ಆದರೆ ಕಡ ತಂದ ಅಕ್ಕಿಯೂ ಕೇಳಿದ ಸಲಹೆಯೂ ಒಂದೇ ಗೆರೆಯಾದವು. ಪದರಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡೇ ಓದಬೇಕೆಂದರೆ ಹನ್ನೆರಡು ಪಟ್ಟು ಕೆಲಸ. ೭೫ ಹಳ್ಳಿಗಳಿಗೆ ಅದು ಸಾಧ್ಯವಾದೀತು. ಕೋಟಿಗಟ್ಟಲೆ ಜನರ ಜಾಲಕ್ಕೆ? ಈ ಪ್ರಶ್ನೆಯೇ ಇಂದು ಗಣಕಶಾಸ್ತ್ರಜ್ಞರನ್ನು ಕಾಡುತ್ತಿರುವುದು.

ಜಾಲವನ್ನು ಓದಿ ಕಲಿಯುವ ಗಣಕದ ವಿಧಾನಕ್ಕೆ ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಎಂದು ಹೆಸರು. ೨೦೦೯ರಲ್ಲಿ ಇಟಲಿಯ ಸ್ಕಾರ್ಸೆಲ್ಲಿ, ಗೋರಿ ಮತ್ತು ಅವರ ಸಂಗಡಿಗರು ಅದನ್ನು ಒಂದು ಸಿದ್ಧಾಂತವಾಗಿ ನಿರೂಪಿಸಿದರು. ೨೦೧೭ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಿಫ್ ಮತ್ತು ವೆಲ್ಲಿಂಗ್ ಅದನ್ನು ಸರಳಗೊಳಿಸಿದ ಮೇಲೆ ಎಲ್ಲೆಡೆ ಹಬ್ಬಿತು. ಅದು ನಡೆಯುವ ಬಗೆ ನಮ್ಮ ಹಳ್ಳಿಯ ಕಟ್ಟೆಗೆ ಅಪರಿಚಿತವಲ್ಲ. ಪ್ರತಿ ಗಂಟಿಗೂ ತನ್ನನ್ನು ಕುರಿತ ಕೆಲವು ಅಂಕಿಗಳಿರುತ್ತವೆ. ಮೊದಲ ಸುತ್ತಿನಲ್ಲಿ ಪ್ರತಿ ಗಂಟೂ ತನ್ನ ನೆರೆಯವರ ಅಂಕಿಗಳನ್ನು ಕೇಳಿ, ತನ್ನದರೊಡನೆ ಬೆರೆಸಿ, ತನ್ನನ್ನು ತಿದ್ದಿ ಬರೆದುಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಮತ್ತೆ ಹಾಗೆಯೇ. ನೆರೆಯವನು ಆಗಲೇ ತನ್ನ ನೆರೆಯವರನ್ನು ಕೇಳಿರುವುದರಿಂದ, ಎರಡು ಸುತ್ತುಗಳಲ್ಲಿ ನೆರೆಯ ನೆರೆಯವನ ಸುದ್ದಿಯೂ ಬಂದು ಮುಟ್ಟುತ್ತದೆ. ಉತ್ತರ ಗೊತ್ತಿರುವ ಕೆಲವು ಗಂಟುಗಳ ಮೇಲೆ ತನ್ನ ಊಹೆಯನ್ನು ಒರೆಗೆ ಹಚ್ಚಿ, ತಪ್ಪಿದಲ್ಲಿ ಬೆರಕೆಯ ಪ್ರಮಾಣವನ್ನು ಯಂತ್ರ ತಿದ್ದಿಕೊಳ್ಳುತ್ತದೆ. ಆಮೇಲೆ ಉತ್ತರ ಗೊತ್ತಿಲ್ಲದ ಗಂಟುಗಳ ವಿಷಯದಲ್ಲಿಯೂ ಊಹೆ ಹೇಳುತ್ತದೆ.

ತೊಡಕು ಎಲ್ಲಿ? ಒಬ್ಬನಿಗೆ ಇಪ್ಪತ್ತು ನೆರೆಯವರೆಂದು ಇಟ್ಟುಕೊಂಡರೆ ಎರಡು ಸುತ್ತಿಗೆ ೪೦೦, ಮೂರು ಸುತ್ತಿಗೆ ೮,೦೦೦. ಒಬ್ಬನನ್ನು ತಿಳಿಯಲು ಎಂಟು ಸಾವಿರ ಜನರನ್ನು ಕೇಳಬೇಕು. ಅದರ ಮೇಲೆ ಪದರಗಳು ಬೇರೆ. ಯಂತ್ರದ ನೆನಪೂ ಕೊನೆಯಿಲ್ಲದ್ದಲ್ಲ. ಹೀಗಾಗಿ ಮಿತವ್ಯಯದ ಉಪಾಯಗಳನ್ನು ಹುಡುಕಬೇಕಾಯಿತು. ಅವುಗಳಲ್ಲಿ ಮೂರನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಎಲ್ಲರನ್ನೂ ಕೇಳದೆ ಕೆಲವರನ್ನು ಕೇಳುವುದು. ೨೦೧೭ರಲ್ಲಿ ಸ್ಟ್ಯಾನ್‌ಫರ್ಡಿನ ಹ್ಯಾಮಿಲ್ಟನ್, ಯಿಂಗ್, ಲೆಸ್ಕೊವೆಕ್ ಎಂಬವರು, ನೆರೆಯವರಲ್ಲಿ ೨೫ ಜನರನ್ನೂ ಅವರೊಬ್ಬೊಬ್ಬರ ನೆರೆಯವರಲ್ಲಿ ೧೦ ಜನರನ್ನೂ ಚೀಟಿ ಎತ್ತಿದಂತೆ ಆರಿಸಿದರೆ ಸಾಕಾಗುತ್ತದೆಂದು ತೋರಿಸಿದರು. ಮರುವರ್ಷ ಇದೇ ದಾರಿಯಲ್ಲಿ ೩೦೦ ಕೋಟಿ ಗಂಟುಗಳೂ ೧,೮೦೦ ಕೋಟಿ ಎಳೆಗಳೂ ಇರುವ, ಪಿಂಟರೆಸ್ಟ್ ಎಂಬ ಚಿತ್ರಸಂಗ್ರಹದ ಜಾಲವನ್ನು ಓದಿದರು. ಎರಡನೆಯದು, ಜಾಲವನ್ನು ಊರುಗಳಾಗಿ ಕತ್ತರಿಸುವುದು. ೨೦೧೯ರ ಒಂದು ವಿಧಾನವು, ಒಳಗೆ ದಟ್ಟವಾಗಿ ಹೆಣೆದುಕೊಂಡ ಗುಂಪುಗಳನ್ನು ಗುರುತಿಸಿ, ಒಂದು ಸಲಕ್ಕೆ ಕೆಲವೇ ಗುಂಪುಗಳನ್ನು ಯಂತ್ರದ ಮುಂದೆ ಇಡುತ್ತದೆ. ೨೦ ಲಕ್ಷ ಗಂಟುಗಳ ಜಾಲವನ್ನು ಹೀಗೆ ಓದಿದ್ದಾರೆ. ಕತ್ತರಿಸಿದಾಗ ಊರೂರ ನಡುವಿನ ಎಳೆಗಳು ಹರಿಯುತ್ತವಷ್ಟೆ. ಅದಕ್ಕಾಗಿ ಪ್ರತಿ ಸಲವೂ ಬೇರೆಬೇರೆ ಗುಂಪುಗಳನ್ನು ಕೂಡಿಸಿ, ಹರಿದ ಎಳೆಗಳನ್ನು ಮರಳಿ ಸೇರಿಸುತ್ತಾರೆ. ವಾರದ ಸಂತೆಯಲ್ಲೂ ವರ್ಷದ ಜಾತ್ರೆಯಲ್ಲೂ ಊರುಗಳು ಬೇರೆಬೇರೆ ಬಗೆಯಲ್ಲಿ ಕೂಡುವಂತೆ ಇದು. ಬೆಳ್ವೊಲ ಮುನ್ನೂರು ಮತ್ತು ಐನೂರ್ವರು, ಹಳ್ಳಿಯ ಸಂಘ ಮತ್ತು ಜಿಲ್ಲೆಯ ಬ್ಯಾಂಕು, ಎರಡೂ ಇಲ್ಲಿ ಹೊಸ ವೇಷದಲ್ಲಿ ಕಾಣುತ್ತವೆ.

ಮೂರನೆಯದು ಪದರಗಳಿಗೆ ಸಂಬಂಧಿಸಿದ್ದು. ಅದು ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ೨೦೧೮ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿನವರು ಪ್ರತಿ ಬಗೆಯ ಸಂಬಂಧಕ್ಕೂ ಒಂದೊಂದು ಪ್ರತ್ಯೇಕ ಅಂಕಿಗಳ ಕೋಷ್ಟಕವನ್ನು ಇಟ್ಟು ನೋಡಿದ್ದರು. ಗಂಟಿನ ವಿವರಣೆಗೆ ನೂರು ಅಂಕಿಗಳಿದ್ದರೆ ಅಂಥ ಒಂದು ಕೋಷ್ಟಕದಲ್ಲಿ ಹತ್ತು ಸಾವಿರ ಅಂಕಿಗಳು. ಸಂಶೋಧಕರು ಪರೀಕ್ಷೆಗೆ ಬಳಸುವ ಒಂದು ಪ್ರಸಿದ್ಧ ಜ್ಞಾನಜಾಲದಲ್ಲಿ ೨೩೭ ಬಗೆಯ ಸಂಬಂಧಗಳಿವೆ. ಅದಕ್ಕೆ ಇಪ್ಪತ್ತಮೂರು ಲಕ್ಷ ಎಪ್ಪತ್ತು ಸಾವಿರ ಅಂಕಿಗಳು ಬೇಕಾದಾವು. ಹಾಗೆ ಹರಡದಂತೆ ಕಟ್ಟುಹಾಕಲು ಅವರೇ ಕೆಲವು ಉಪಾಯಗಳನ್ನು ಹೂಡಿದ್ದರು. ೨೦೨೦ರಲ್ಲಿ ಶಿಖರ್ ವಶಿಷ್ಠ, ಸೌಮ್ಯ ಸನ್ಯಾಲ್, ವಿಕ್ರಮ್ ನಿತಿನ್, ಪಾರ್ಥ ತಾಲೂಕ್ದಾರ್ ಅವರು ಇನ್ನೊಂದು ದಾರಿಯನ್ನು ತೋರಿಸಿದರು. ಪ್ರತಿ ಸಂಬಂಧಕ್ಕೂ ಕೋಷ್ಟಕ ಬೇಡ. ಗಂಟಿಗೆ ಇರುವಂತೆ ನೂರೇ ಅಂಕಿಗಳ ಒಂದು ಸಾಲು ಇರಲಿ. ನೆರೆಯವನ ಮಾತನ್ನು ಕೇಳುವಾಗ ಆ ಸಾಲನ್ನು ಅವನ ಸಾಲಿನೊಡನೆ ಕಳೆಯುವುದೋ ಗುಣಿಸುವುದೋ ಮಾಡಿ ಬೆಸೆದರಾಯಿತು. ಎಲ್ಲರಿಗೂ ಸಾಮಾನ್ಯವಾದ ಕೆಲವೇ ಕೋಷ್ಟಕಗಳು ಉಳಿದುದನ್ನು ನೋಡಿಕೊಳ್ಳುತ್ತವೆ.

ವ್ಯಾಕರಣ ಓದಿದವನಿಗೆ ಇದು ಕೂಡಲೆ ಹೊಳೆಯುತ್ತದೆ. ಊರನ್ನು, ಊರಿಂದ, ಊರಿಗೆ, ಊರಲ್ಲಿ ಎಂಬ ರೂಪಗಳಿಗೆಲ್ಲ ಬೇರೆಬೇರೆ ನಿಘಂಟು ಬರೆಯಹೊರಟರೆ ಯಾವ ಭಾಷೆಯೂ ಕಲಿಯಲು ಬಾರದು. ನಾಮಪ್ರಕೃತಿ ಒಂದು, ಅದಕ್ಕೆ ಹತ್ತುವ ವಿಭಕ್ತಿಪ್ರತ್ಯಯಗಳು ಕೆಲವು. ಪ್ರಕೃತಿಗೆ ಪ್ರತ್ಯಯ ಸೇರಿದರೆ ಸಂಬಂಧದ ಅರ್ಥ ಹೊರಡುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡವನ್ನು ಬಿಡಿಸಿ ತೋರಿಸಿದ್ದು ಈ ಮಿತವ್ಯಯದಿಂದಲೇ. ಬೆಂಗಳೂರಿನವರು ಜಾಲದ ಸಂಬಂಧಗಳನ್ನು ಪ್ರತ್ಯಯಗಳನ್ನಾಗಿ ಮಾಡಿದರು. ಇಲ್ಲಿ ಇನ್ನೊಂದು ಮಾತು. ಮೊದಲ ಎರಡು ಉಪಾಯಗಳು ಕೆಲವರನ್ನು ಬಿಟ್ಟು ಉಳಿತಾಯ ಮಾಡುತ್ತವೆ. ಈ ಮೂರನೆಯದು ಪದರಗಳನ್ನು ಬಿಡದೆ ಉಳಿತಾಯ ಮಾಡುತ್ತದೆ. ಈ ವ್ಯತ್ಯಾಸ ಗಣಿತದ ಸೊಗಸಷ್ಟೇ ಅಲ್ಲ, ಅದಕ್ಕೆ ಮನುಷ್ಯನ ಬಾಳಿನ ತೂಕವಿದೆ.

ಅದು ಹೇಗೆಂದರೆ, ನಮ್ಮ ಜಿಲ್ಲೆಯ ಲಾವಣಿಯ ರೈತನನ್ನು ಮತ್ತೆ ನೆನೆಯಿರಿ. ೧೯೭೪ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನು ಕಾನೂನಿನ ಮಟ್ಟಿಗೆ ಅಳಿಸಿತು. ಅನೇಕ ಒಕ್ಕಲುಗಳು ಭೂಮಿಯ ಒಡೆಯರಾದರು. ಅದು ದೊಡ್ಡ ಸಾಧನೆ. ಆದರೆ ಆಮೇಲೂ ಬಾಯಿಮಾತಿನ ಲಾವಣಿ ನಿಲ್ಲಲಿಲ್ಲ. ಬಾಯಿಮಾತಿಗೆ ಉತಾರದಲ್ಲಿ ಜಾಗವಿಲ್ಲ. ಉತಾರ ಈಗ ಗಣಕದಲ್ಲಿದೆ. ರೈತನ ಸರಕಾರಿ ನೋಂದಣಿಯೂ ಆ ಉತಾರವನ್ನೇ ಆಧಾರವಾಗಿ ಹಿಡಿದಿದೆ. ಇನ್ನೊಬ್ಬನ ಹೊಲವನ್ನು ಉಳುವವನ ಬೆವರು ಆ ಪದರದಲ್ಲಿ ಹೊಲದ ಒಡೆಯನ ಹೆಸರಿಗೆ ಜಮೆಯಾಗುತ್ತದೆ. ಅವನಿಗೆ ಇರುವ ಎಳೆಗಳೆಲ್ಲ ಬೇರೆ ಪದರಗಳಲ್ಲಿವೆ: ಮುಯ್ಯಿಯಲ್ಲಿ, ಕೈಗಡದಲ್ಲಿ, ಬೀಗತನದಲ್ಲಿ. ನೆರೆಮನೆಯಿಂದ ಅಕ್ಕಿ ಕಡ ತರುವ ಅವನ ಹೆಂಡತಿಯ ಎಳೆಗಳಂತೂ ಯಾವ ಕಚೇರಿಯ ಕಡತಕ್ಕೂ ಬಂದಿಲ್ಲ. ಮೋಸದ ವ್ಯವಹಾರವನ್ನು ಹಿಡಿಯಲು ಹಣಕಾಸಿನ ಲೋಕ ಜಾಲ ಓದುವ ಯಂತ್ರಗಳನ್ನು ಆಗಲೇ ಬಳಸುತ್ತಿದೆ. ನಾಳೆ ಸಾಲವನ್ನೂ ಪರಿಹಾರವನ್ನೂ ಅಂಥ ಯಂತ್ರ ಅಳೆಯತೊಡಗಿದರೆ, ಯಾವ ಪದರವನ್ನು ಬಿಟ್ಟಿದ್ದೇವೆ ಎಂಬುದು ಯಾರ ಒಲೆ ಉರಿಯುತ್ತದೆ ಎಂಬುದನ್ನು ನಿರ್ಧರಿಸೀತು. ೧೯೫೪ರ ವರದಿ ಕಂಡ ಕೊರತೆ ಆಗ ಯಂತ್ರದ ವೇಗದಲ್ಲಿ ಮರಳಿ ಬರುತ್ತದೆ.

ಪದರಗಳನ್ನು ಬಿಡುವ ಬದಲು ಅವುಗಳಿಗೆ ಪರ್ಯಾಯವಾಗಿ ಜಾತಿಯನ್ನೋ ಓಣಿಯನ್ನೋ ಹಿಡಿದರಾಗದೆ ಎಂದು ಕೇಳುವವರಿದ್ದಾರೆ. ಒಂದೇ ಜಾತಿಯವರು ಒಂದೇ ಜಾಲದವರು, ಒಂದೇ ಓಣಿಯವರು ಪರಸ್ಪರ ಆಗುವವರು ಎಂಬುದು ಸುಲಭವಾದ ಊಹೆ. ೧೯೦೪ರ ಕಾಯಿದೆಯೂ ಆ ಊಹೆಗೆ ಸ್ವಲ್ಪ ಎಡೆಗೊಟ್ಟಿತ್ತು. ಚಂದ್ರಶೇಖರ್, ಜಾಕ್ಸನ್ ಮತ್ತು ಅವರ ಸಂಗಡಿಗರು ೨೦೨೪ರಲ್ಲಿ ಇಂಥ ಹಳ್ಳಿಗಳ ಪದರಗಳನ್ನು ಬಿಡಿಸಿ ನೋಡಿದಾಗ ಕಂಡದ್ದು ಬೇರೆ. ಜಾತಿ ಮತ್ತು ಸಾಮೀಪ್ಯ ಇವೆರಡಕ್ಕೂ ಜನರ ನಿಜವಾದ ಸಂಬಂಧಗಳಿಗೂ ಹೆಚ್ಚುಕಡಮೆ ಹೊಂದಿಕೆಯೇ ಇಲ್ಲ. ಸುದ್ದಿ ಹಬ್ಬುವುದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಸಲಹೆ ಕೇಳುವ ಪದರ. ಉಳಿದ ಪದರಗಳನ್ನು ಕೂಡಿಸಿಕೊಂಡರೆ ಊಹೆ ಇನ್ನೂ ಸರಿಯಾಗುತ್ತದೆ. ಇನ್ನೊಂದು ಸಂಗತಿಯನ್ನೂ ಅವರು ಗಮನಿಸಿದರು. ಸಾಲ, ಸಲಹೆ, ಗೆಳೆತನ ಎಲ್ಲವೂ ಅದೇ ಅದೇ ಜನರ ನಡುವೆ ಮಡಿಸಿಕೊಂಡಿರುವ ಊರಿನಲ್ಲಿ ಸುದ್ದಿ ಕಡಿಮೆ ಹಬ್ಬುತ್ತದೆ. ಪದರಗಳು ಬೇರೆಬೇರೆ ಮನೆಗಳನ್ನು ಮುಟ್ಟುವ ಊರೇ ತೆರೆದ ಊರು.

ಕೊನೆಯದಾಗಿ, ಯಾವ ಯಂತ್ರಕ್ಕಿಂತಲೂ ಅಗ್ಗವಾದ ಒಂದು ಉಪಾಯವನ್ನು ಹೇಳಬೇಕು. ಅದೇ ಬ್ಯಾನರ್ಜಿ ಮತ್ತು ಸಂಗಡಿಗರು ಕರ್ನಾಟಕದ ೨೧೩ ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ನಡೆಸಿ ೨೦೧೯ರಲ್ಲಿ ಪ್ರಕಟಿಸಿದರು. ಜಾಲವನ್ನು ಎಣಿಸುವ ಗೊಡವೆಗೆ ಹೋಗದೆ, ಊರಿನಲ್ಲಿ ಸುದ್ದಿ ಹಬ್ಬಿಸಬೇಕಾದರೆ ಯಾರಿಗೆ ಹೇಳಬೇಕು ಎಂದು ಊರಿನವರನ್ನೇ ಕೇಳಿದರು. ಊರಿನವರು ಹೆಸರಿಸಿದವರ ಬಾಯಲ್ಲಿ ಸುದ್ದಿ, ಸುಮ್ಮನೆ ಆರಿಸಿದವರ ಬಾಯಲ್ಲಿ ಹಬ್ಬಿದ್ದಕ್ಕಿಂತ ಹೆಚ್ಚಾಗಿ ಹಬ್ಬಿತು. ಇಡೀ ಜಾಲವನ್ನು ಕಣ್ಣಿನಿಂದ ಕಂಡವರು ಊರಿನಲ್ಲಿ ಯಾರೂ ಇಲ್ಲ. ಆದರೂ ಯಾರ ಸುದ್ದಿ ತಮ್ಮ ಕಿವಿಗೆ ಪದೇ ಪದೇ ಬೀಳುತ್ತದೆಂಬುದರಿಂದಲೇ ಜಾಲದ ನಡುವಿನಲ್ಲಿ ಇರುವವರು ಯಾರೆಂದು ಅವರು ಬಲ್ಲರು. ಕಣಗಿನಹಾಳದ ಸಂಘ ನೆಚ್ಚಿದ್ದು ಈ ತಿಳಿವನ್ನೇ.

ಮಿತವ್ಯಯವನ್ನು ನಾನು ಹಳಿಯುತ್ತಿಲ್ಲ. ಎಲ್ಲರ ಮಾತನ್ನೂ ಕೇಳುತ್ತೇನೆಂದು ಹೊರಟ ರಾಜನೂ ಇಲ್ಲ, ಸಂಘವೂ ಇಲ್ಲ, ಯಂತ್ರವೂ ಇಲ್ಲ. ನಾನು ಕೇಳುವುದು ಎರಡೇ. ಬಿಟ್ಟದ್ದು ಏನೆಂಬುದನ್ನು ಬಿಟ್ಟವರು ಬರೆದಿಡಬೇಕು. ಹೊಲದ ಪದರವನ್ನು ಮಾತ್ರ ಓದಿದ ಯಂತ್ರ, ತಾನು ಹೊಲದ ಪದರವನ್ನು ಮಾತ್ರ ಓದಿದ್ದೇನೆಂದು ಹೇಳಬೇಕು. ಮತ್ತು ಬಿಟ್ಟುಹೋದವನಿಗೆ ಕೇಳಲು ಒಂದು ಕಟ್ಟೆ ಇರಬೇಕು. ಹತ್ತು ಜನರ ಸಂಘದಲ್ಲಿ ಸಾಲ ಸಿಗದವನು, ಯಾಕೆ ಕೊಡಲಿಲ್ಲ ಎಂದು ಮುಖಕ್ಕೆ ಮುಖವಿಟ್ಟು ಕೇಳಬಹುದಾಗಿತ್ತು. ಕೊಡದವನು ಮರುದಿನ ಅದೇ ಬಾವಿಗೆ ನೀರಿಗೆ ಬರಬೇಕಾಗಿತ್ತು. ಮುನ್ನೂರು ಕೋಟಿ ಗಂಟುಗಳ ಜಾಲದಲ್ಲಿ ಆ ಬಾವಿ ಎಲ್ಲಿದೆ ಎಂಬುದನ್ನು ಯಂತ್ರ ಕಟ್ಟುವವರೂ ಅದನ್ನು ನಮ್ಮ ಊರುಗಳಿಗೆ ತರುವವರೂ ಮೊದಲೇ ನಿಶ್ಚಯಿಸಿಕೊಂಡರೆ, ನವಲಗುಂದದ ಎರಿಯಲ್ಲಿ ಇನ್ನೊಬ್ಬನ ಹೊಲವನ್ನು ಹರಗುವ ರೈತನೂ ಆ ಲೆಕ್ಕದಲ್ಲಿ ಒಬ್ಬ ಮನುಷ್ಯನಾಗಿ ಕಂಡಾನು.